ಮೇಲಿನ ಖಾನೆಗೆ ಏರಿದ ಸರ್ವರ್

"ಬುದ್ಧಿ, ನನ್ನನ್ನು ಯಾಕೆ ಕೆಳಕ್ಕೆ ಇಳಿಸಿದಿರಿ?"

ಹೀಗೆ ಕೇಳಿದವನು ಕರಿಬಸಯ್ಯ. ಮಠದಲ್ಲಿ ಬಹಳ ಕಾಲದಿಂದ ಇದ್ದ ಶಿಷ್ಯ. ಸೋಮವಾರದ ಸಭೆಯಲ್ಲಿ ಗುರುಗಳ ಮಗ್ಗುಲಲ್ಲಿ ಕುಳಿತು ವಚನ ಓದುತ್ತಿದ್ದವನು ಅವನೇ. ಈಚೆಗೆ ಗುರುಗಳು ಆ ಜಾಗದಲ್ಲಿ ಮುರುಗೇಂದ್ರನೆಂಬ ಹೊಸ ಶಿಷ್ಯನನ್ನು ಕೂರಿಸಿದರು. ಕರಿಬಸಯ್ಯನ ಕೈಗೆ ಉಗ್ರಾಣದ ಬೀಗದ ಕೈ ಕೊಟ್ಟರು.

ಉಗ್ರಾಣವಿರುವುದು ಸಭಾಮಂಟಪದ ಅಡಿಯಲ್ಲಿ. ಮೆಟ್ಟಿಲಿಳಿದು, ತಲೆ ತಗ್ಗಿಸಿ ಒಳಗೆ ಹೋಗಬೇಕು. ಅಲ್ಲಿ ಅಕ್ಕಿ, ಬೇಳೆ, ಬೆಲ್ಲ. ಮೇಲೆ ಸಭೆ ನಡೆಯುವಾಗ ಕೆಳಗಿದ್ದವನಿಗೆ ಕಾಲಿನ ಸಪ್ಪಳ ಮಾತ್ರ ಕೇಳುತ್ತದೆ. ಕರಿಬಸಯ್ಯನ ಅಕ್ಕನ ಗಂಡ ಒಂದು ದಿನ ಮಠಕ್ಕೆ ಬಂದು, ಅವನನ್ನು ಮೇಲೆಲ್ಲ ಹುಡುಕಿ, ಕೊನೆಗೆ ಬೇಳೆ ಮೂಟೆಗಳ ನಡುವೆ ಕಂಡುಕೊಂಡಿದ್ದ. ಏನಯ್ಯ, ಮಠ ಸೇರಿ ಜ್ಞಾನಿ ಆಗುತ್ತೀಯ ಅಂದುಕೊಂಡಿದ್ದೆವು, ದಿನಸಿ ಅಂಗಡಿ ಇಟ್ಟುಕೊಂಡೆಯಲ್ಲ ಎಂದು ನಕ್ಕು ಹೋಗಿದ್ದ. ಆ ನಗು ಕರಿಬಸಯ್ಯನ ಕಿವಿಯಿಂದ ಹೋಗಿರಲಿಲ್ಲ.

ಅಂದು ಸೋಮವಾರ. ಭಕ್ತರು ಬರಲು ಇನ್ನೂ ಹೊತ್ತಿತ್ತು. ಗುರುಗಳು ಆಗಲೇ ಮಂಟಪಕ್ಕೆ ಬಂದು ಪೀಠದ ಮೇಲೆ ಕುಳಿತಿದ್ದರು. ಕರಿಬಸಯ್ಯ ಬಟ್ಟೆಯ ಗಂಟನ್ನು ಬಾಗಿಲ ಹೊರಗಿಟ್ಟು ಒಳಗೆ ಬಂದ. ಅಡ್ಡಬಿದ್ದ. ಬೀಗದ ಕೈಯನ್ನು ಗುರುಗಳ ಮುಂದೆ ಇಟ್ಟ. ಆಮೇಲೆ ಆ ಪ್ರಶ್ನೆ ಕೇಳಿದ.

ಗುರುಗಳು ಬೀಗದ ಕೈಯನ್ನು ನೋಡಿದರು, ಮುಟ್ಟಲಿಲ್ಲ. ಹೊರಗಿದ್ದ ಗಂಟನ್ನೂ ನೋಡಿದರು. ಊರಿಗೆ ಹೊರಟೆಯೋ ಎಂದು ಕೇಳಿದರು. ತಾನು ತಪ್ಪು ಮಾಡಿದ್ದರೆ ಯಾವುದೆಂದು ಹೇಳಬೇಕು, ಮಾಡದಿದ್ದರೆ ಕೆಳಗಿಳಿಸಿದ್ದು ಯಾಕೆಂದು ಹೇಳಬೇಕು, ಎರಡೂ ಹೇಳದಿದ್ದರೆ ಮಧ್ಯಾಹ್ನದ ಬಸ್ಸಿಗೆ ಹೋಗುವೆನೆಂದು ಕರಿಬಸಯ್ಯ ಹೇಳಿದ.

ಅಷ್ಟರಲ್ಲಿ ಅಡುಗೆಯವನು ಬಾಗಿಲಲ್ಲಿ ನಿಂತು ಕೆಮ್ಮಿದ. ಒಲೆಯ ಮೇಲೆ ಎಸರು ಕುದಿಯುತ್ತಿದೆ, ಅಕ್ಕಿ ಕೊಡಬೇಕು ಎಂದ. ಇನ್ನೂ ಸ್ವಲ್ಪ ಕುದಿಯಲಿ ಎಂದರು ಗುರುಗಳು. ಅವನು ನೆಲದ ಮೇಲಿದ್ದ ಬೀಗದ ಕೈಯನ್ನು ನೋಡಿದ, ಕರಿಬಸಯ್ಯನ ಮುಖ ನೋಡಿದ, ಹಿಂದಕ್ಕೆ ಹೋದ.

"ಬಸ್ಸಿಗೆ ಹೊತ್ತಿದೆ. ಒಂದು ಕತೆ ಕೇಳಿಕೊಂಡು ಹೋಗು," ಎಂದರು ಗುರುಗಳು. "ರಾಜನ ಕತೆಯಲ್ಲ. ಕಂಪ್ಯೂಟರಿನ ಕತೆ."

ಕರಿಬಸಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕೊಬ್ಬರಿ ವ್ಯಾಪಾರ ಅವನದು. ಅವನ ತಾಯಿಗೆ ಒಂದು ಸಲ ಎದೆನೋವು ಬಂತು. ಹತ್ತಿರದಲ್ಲಿ ಆಸ್ಪತ್ರೆಯಿಲ್ಲ. ಕೊಬ್ಬರಿ ಲಾರಿಯಲ್ಲಿ ಮೂಟೆಗಳ ನಡುವೆ ಮಲಗಿಸಿಕೊಂಡು ದೂರದ ಪಟ್ಟಣಕ್ಕೆ ಹೋದ. ಮುದುಕಿ ಬದುಕಿಕೊಂಡಳು. ಮನೆಗೆ ಬಂದವಳೇ ಮಗನಿಗೆ ಹೇಳಿದಳು: ನನ್ನ ಹೆಸರಿನಲ್ಲಿ ಗುಡಿಗೆ ಗೋಪುರ ಕಟ್ಟಿಸುತ್ತೇನೆ ಎನ್ನುತ್ತಿದ್ದೆಯಲ್ಲ, ಅದು ಬೇಡ, ಊರಿಗೊಂದು ಆಸ್ಪತ್ರೆ ಕಟ್ಟಿಸು. ವರ್ತಕ ತಾಯಿಯ ಮಾತು ಮೀರುವವನಲ್ಲ. ಕಟ್ಟಿಸಿದ.

ಈಗಿನ ಆಸ್ಪತ್ರೆಗೆ ಗೋಡೆ, ಮಂಚ, ಔಷಧಿ ಇದ್ದರೆ ಸಾಲದು. ರೋಗಿಯ ವಿವರ, ಎಲುಬಿನ ಚಿತ್ರ, ರಕ್ತದ ಪರೀಕ್ಷೆ, ಎಲ್ಲವೂ ಕಂಪ್ಯೂಟರಿನಲ್ಲಿ. ಕೋಣೆ ಕೋಣೆಯ ಕಂಪ್ಯೂಟರುಗಳು ಕೊಟ್ಟದ್ದನ್ನು ಇಟ್ಟುಕೊಳ್ಳಲು, ಕೇಳಿದಾಗ ತೆಗೆದುಕೊಡಲು ಒಂದು ದೊಡ್ಡ ಯಂತ್ರ ಬೇಕು. ಅದಕ್ಕೆ ಸರ್ವರ್ ಎನ್ನುತ್ತಾರೆ. ಅದು ನಿಂತರೆ ಉಳಿದದ್ದೆಲ್ಲ ನಿಲ್ಲುತ್ತದೆ. ನೋಡಲು ಒಂದು ಚಪ್ಪಟೆ ಪೆಟ್ಟಿಗೆ, ಎತ್ತಲು ಹೋದರೆ ಭತ್ತದ ಮೂಟೆ.

ಅದನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ಆಳಿಗಿಂತ ಎತ್ತರದ ಒಂದು ಕಬ್ಬಿಣದ ಚೌಕಟ್ಟು ಇರುತ್ತದೆ, ರ‍್ಯಾಕ್ ಎಂದು ಅದರ ಹೆಸರು. ಅದರಲ್ಲಿ ಕೆಳಗಿನಿಂದ ಮೇಲಿನವರೆಗೆ ಖಾನೆಗಳು. ಖಾನೆಯ ಎರಡು ಬದಿಗೂ ಕಂಬಿ. ಯಂತ್ರವನ್ನು ಎತ್ತಿ ಕಂಬಿಯ ಮೇಲೆ ಕೂರಿಸಿ ಒಳಗೆ ನೂಕಿದರೆ ಮೇಜಿನ ಡ್ರಾಯರಿನ ಹಾಗೆ ಜಾರಿ ಹೋಗುತ್ತದೆ. ಬೇಕಾದಾಗ ಮುಂದಕ್ಕೆ ಎಳೆದುಕೊಳ್ಳಬಹುದು.

ಸರ್ವರ್ ಕೂರಿಸಲು ಇಬ್ಬರು ಬಂದರು. ಒಬ್ಬ ಭಾವ, ಇನ್ನೊಬ್ಬ ಮೈದುನ. ಊರೂರು ತಿರುಗಿ ಅದೇ ಕೆಲಸ ಮಾಡುವವರು. ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಮುಹೂರ್ತ. ಆ ಗಳಿಗೆಗೆ ಯಂತ್ರ ಓಡಬೇಕು. ಮೊದಲನೆಯ ಚೀಟಿ ತಾಯಿಯ ಹೆಸರಿನಲ್ಲಿ ಬರಬೇಕು. ಆಮೇಲೆ ಊರಿನ ರೋಗಿಗಳಿಗೆ ಬಾಗಿಲು ತೆರೆಯಬೇಕು. ವರ್ತಕನಿಗೆ ಬೇರೆ ಆಸೆಯೇನೂ ಇರಲಿಲ್ಲ.

ಬಂದವರಿಗೆ ಅವನು ಮೊದಲು ಊಟ ಹಾಕಿಸಿದ. ಹೋಳಿಗೆ, ತುಪ್ಪ. ಭಾವ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದ. ವರ್ತಕ ಕೈ ಸರಿಸಿ ಬಡಿಸಿದ. ನಮ್ಮ ಭಾವ ಕೈ ಅಡ್ಡ ಹಿಡಿಯುವಾಗ ಬೆರಳು ಅಗಲಿಸಿಯೇ ಹಿಡಿಯುತ್ತಾನೆ ಎಂದ ಮೈದುನ.

ಉಂಡು ಕೆಲಸಕ್ಕೆ ಇಳಿದರು. ರ‍್ಯಾಕಿನ ಮೇಲಿನ ಖಾನೆಗಳಲ್ಲಿ ಆಗಲೇ ತಂತಿ ಜೋಡಿಸುವ ಒಂದೆರಡು ಹಗುರ ಪೆಟ್ಟಿಗೆಗಳಿದ್ದವು. ಸರ್ವರಿನ ಕಂಬಿಗಳನ್ನು ಇವರು ತೀರ ಕೆಳಗಿನ ಖಾನೆಗೆ ಬಿಗಿದರು. ರ‍್ಯಾಕಿನ ಪಾದಗಳನ್ನು ಬೋಲ್ಟು ಹಾಕಿ ನೆಲಕ್ಕೆ ಕಚ್ಚಿಸಬೇಕೆಂದು ಡ್ರಿಲ್ಲನ್ನೂ ತೆಗೆದಿಟ್ಟುಕೊಂಡರು.

ಆಗ ವರ್ತಕ ಬಂದ. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ವಿಭೂತಿ, ಕುಂಕುಮ, ಹೂವು. ಕೆಳಗೆ ಬಿಗಿದ ಕಂಬಿಗಳನ್ನು ನೋಡಿ ಅಲ್ಲೇ ನಿಂತ.

ಆ ಮನೆಯ ಪದ್ಧತಿ ಒಂದನ್ನು ನಿನಗೆ ಹೇಳಬೇಕು. ಅವರಲ್ಲಿ ತಕ್ಕಡಿಯನ್ನು ನೆಲದ ಮೇಲೆ ಇಡುವುದಿಲ್ಲ. ಅನ್ನ ಕೊಡುವ ವಸ್ತುವಿಗೆ ಕಾಲು ತಾಗಬಾರದು. ತಪ್ಪಿ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ವರ್ತಕ ಹಾಗೆಯೇ ಬೆಳೆದವನು. ಅಂಗಡಿಗೆ ಫೋನು ಬಂದಾಗ ಅದನ್ನೂ ದೇವರ ಪಟದ ಪಕ್ಕದಲ್ಲಿ, ಅಷ್ಟೇ ಎತ್ತರದಲ್ಲಿ ಇಡಿಸಿದ್ದ. ಕರೆ ಬಂದಾಗಲೆಲ್ಲ ಸ್ಟೂಲು ಹತ್ತಿ ಮಾತಾಡುತ್ತಿದ್ದ.

"ಇದೇನಪ್ಪ, ಇಷ್ಟು ದೊಡ್ಡದನ್ನು ಕಾಲ ಬಳಿ ಕೂರಿಸುತ್ತಿದ್ದೀರಿ? ಬಂದವರ ಚಪ್ಪಲಿ ತಾಗುತ್ತದೆ. ಗುಡಿಸುವವಳ ಪೊರಕೆ ತಾಗುತ್ತದೆ," ಎಂದ.

"ಭಾರದ್ದು ಕೆಳಗಿರಬೇಕು, ಯಜಮಾನರೇ. ಮೇಲೆ ಹಾಕಿದರೆ ರ‍್ಯಾಕು ನಿಲ್ಲುವುದಿಲ್ಲ," ಎಂದ ಭಾವ.

"ಭಾರ ನೋಡಿ ಜಾಗ ಕೊಡುತ್ತಾರೇನು? ಯೋಗ್ಯತೆ ನೋಡಿ ಕೊಡಬೇಕು. ಇಡೀ ಆಸ್ಪತ್ರೆ ನಡೆಸುವುದು ಇದು. ಆ ತಂತಿ ಪೆಟ್ಟಿಗೆಗಳು ಮೇಲೆ, ಇದು ಕೆಳಗೆ. ಅಜ್ಜನನ್ನು ಬಾಗಿಲಲ್ಲಿ ಕೂರಿಸಿ ಮೊಮ್ಮಕ್ಕಳಿಗೆ ಮಣೆ ಹಾಕಿದ ಹಾಗಾಯಿತು."

ನೆಲಕ್ಕೆ ತೂತು ಕೊರೆಯುವುದೂ ಬೇಡವೆಂದ. ಹೊಸ ನೆಲ, ಮೊದಲ ದಿನವೇ ಅದಕ್ಕೆ ಗಾಯ ಮಾಡಬಾರದು ಎಂದ. ಭಾವ ಇನ್ನೊಮ್ಮೆ ತಿಳಿಸಿ ಹೇಳಿದ. ವರ್ತಕ ತಟ್ಟೆಯನ್ನು ಕೆಳಗಿಟ್ಟು ಕೈಮುಗಿದ. ಗದರಿಸುವವರಿಗೆ ಎದುರು ಹೇಳುವುದು ಭಾವನಿಗೆ ಗೊತ್ತಿತ್ತು. ಕೈಮುಗಿದವರಿಗೆ ಎದುರು ಹೇಳುವುದು ಗೊತ್ತಿರಲಿಲ್ಲ. ಅಲ್ಲದೆ ಹೋಳಿಗೆ ಇನ್ನೂ ಹೊಟ್ಟೆಯಲ್ಲಿತ್ತು. ಒಳಗೆ ನೂಕಿಟ್ಟರೆ ಬೀಳಲಿಕ್ಕಿಲ್ಲ, ಯಾರೂ ಮುಂದಕ್ಕೆ ಎಳೆಯದಿದ್ದರೆ ಸರಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎಳೆಯಬೇಡಿ ಎನ್ನುವ ಮಾತನ್ನು ವರ್ತಕನಿಗೆ ಹೇಳಲು ಮರೆತ. ಆದುದರಿಂದ ತಪ್ಪು ವರ್ತಕನೊಬ್ಬನದೇ ಅಲ್ಲ.

ಕೆಳಗಿನ ಕಂಬಿ ಬಿಚ್ಚಿ ಮೇಲೆ ಬಿಗಿದರು. ಹಗುರ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಸರ್ವರಿನಿಂದ ಬಿಚ್ಚಬಹುದಾದ ಬಿಡಿಭಾಗಗಳನ್ನೆಲ್ಲ ಬಿಚ್ಚಿ ಸಾಲಾಗಿ ಹೊರಗಿಟ್ಟರು. ಆದರೂ ಭಾರ ಉಳಿದಿತ್ತು. ಆಸ್ಪತ್ರೆಯ ಕಾವಲುಗಾರನನ್ನು ಕರೆದರು. ಮೂವರೂ ಬೆಂಚು ಹತ್ತಿ ಎತ್ತಿದರು. ಸೊಂಟದವರೆಗೆ ಎತ್ತುವ ಭಾರ ಒಂದು, ಎದೆಯಿಂದ ಮೇಲಕ್ಕೆ ಎತ್ತುವ ಭಾರ ಇನ್ನೊಂದು. ಭಾವ, ನೀನು ಇನ್ನೊಂದು ಹೋಳಿಗೆ ತಿಂದಿದ್ದರೆ ಇದನ್ನು ಚಾವಣಿಗೇ ತೂಗುಹಾಕಬೇಕಾಗಿತ್ತು ಎಂದು ಮೈದುನ ಏದುಸಿರು ಬಿಡುತ್ತಲೇ ಹೇಳಿದ. ಹೇಗೋ ಯಂತ್ರ ಕಂಬಿಯ ಮೇಲೆ ಕೂತಿತು. ಒಳಗೆ ಜಾರಿ ಕಟಕ್ಕೆಂದಿತು. ಬಿಡಿಭಾಗಗಳನ್ನು ಮತ್ತೆ ಸೇರಿಸಿದರು. ವರ್ತಕ ತಲೆಯೆತ್ತಿ ನೋಡಿ, ಈಗ ಸರಿಯಾಯಿತು ಎಂದ.

ಬೆಳಿಗ್ಗೆ ಊರೆಲ್ಲ ಬಂತು. ಅತಿಥಿಗಳಿಗೆ ಹೊರಗೆ ಬೆಂಚು ಹಾಕಿದ್ದರು. ರೋಗಿಗಳು ಚಪ್ಪರದ ಕೆಳಗೆ ಕುಳಿತಿದ್ದರು. ವರ್ತಕ ತಾಯಿಯನ್ನು ಕುರ್ಚಿಯಲ್ಲಿ ಹೊರಿಸಿಕೊಂಡು ಬಂದು ಯಂತ್ರದ ಕೋಣೆಯ ಬಾಗಿಲಲ್ಲಿ ಕೂರಿಸಿದ. ಭಾವ ರ‍್ಯಾಕಿನ ಹಿಂದೆ ತಂತಿ ಜೋಡಿಸುತ್ತಿದ್ದ. ಮೈದುನ ಪಕ್ಕದ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಇದ್ದ.

ಎಲ್ಲಿದೆಯೋ ನಿನ್ನ ದೊಡ್ಡ ಯಂತ್ರ, ನನಗೆ ಕಾಣುವುದಿಲ್ಲವಲ್ಲ ಎಂದಳು ತಾಯಿ.

ಕುರ್ಚಿಯಲ್ಲಿ ಕುಳಿತವಳಿಗೆ ಅಷ್ಟು ಎತ್ತರದ್ದು ಹೇಗೆ ಕಾಣಬೇಕು? ವರ್ತಕನಿಗೆ ಪೇಚಾಯಿತು. ಇದೆಲ್ಲ ಮಾಡಿಸಿದ್ದು ಅವಳಿಗೋಸ್ಕರ. ಉತ್ಸವಕ್ಕೆ ದೇವರನ್ನು ಗುಡಿಯಿಂದ ಹೊರಗೆ ತಂದು ತೋರಿಸುತ್ತಾರಲ್ಲ, ಹಾಗೆ ತಾಯಿಗೆ ತೋರಿಸೋಣ ಎಂದುಕೊಂಡ. ಎರಡು ಕೈ ಮೇಲೆತ್ತಿದ. ಯಂತ್ರದ ಹಿಡಿಗಳನ್ನು ಹಿಡಿದು ಎಳೆದ.

ಯಂತ್ರ ಸಲೀಸಾಗಿ ಮುಂದಕ್ಕೆ ಬಂತು. ಅದರ ಹಿಂದೆಯೇ ರ‍್ಯಾಕೂ ಬಂತು.

ವರ್ತಕನ ಎರಡು ಕೈಗಳೂ ಒಂದು ಹೆಗಲೂ ಅದರ ಅಡಿಗೆ ಹೋದವು. ರ‍್ಯಾಕು ಬಾಗಿ ಅವನ ಮೇಲೆ ನಿಂತಿತು. ಅವನು ಬಿಟ್ಟರೆ ಯಂತ್ರ ಹೋಗುತ್ತದೆ. ಬಿಟ್ಟು ಓಡಲು ದಾರಿಯೂ ಇಲ್ಲ, ಬಾಗಿಲಲ್ಲಿ ತಾಯಿ ಕುಳಿತಿದ್ದಾಳೆ. ಹೊರಗೆ ಕುಳಿತವರಿಗೆ ಆಸ್ಪತ್ರೆ ಇರುವುದೋ ಇಲ್ಲವೋ ಎನ್ನುವುದು ಆ ಹೊತ್ತಿನಲ್ಲಿ ಒಬ್ಬನ ಹೆಗಲ ಮೇಲೆ ಇತ್ತು.

ಭಾವ ಹಿಂದಿನಿಂದ ಚೌಕಟ್ಟಿಗೆ ಜೋತುಬಿದ್ದ. ಮೈದುನ ಓಡಿಬಂದ. ಯಂತ್ರವನ್ನು ಒಳಗೆ ನೂಕಲು ನೋಡಿದರು, ಹೋಗಲಿಲ್ಲ. ಕಂಬಿ ಪೂರ್ತಿ ಹೊರಗೆ ಬಂದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಎರಡು ಬದಿಯ ಚಿಲಕಗಳನ್ನು ಒಟ್ಟಿಗೆ ಒತ್ತಿದರೇ ಬಿಡುವುದು. ಚಿಲಕ ಇರುವುದು ಮೇಲೆ. ಮೇಲಕ್ಕೆ ಹೋಗಲು ಬೆಂಚು ಬೇಕು. ಬೆಂಚಿನ ಮೇಲೆ ಅತಿಥಿಗಳು ಕುಳಿತಿದ್ದಾರೆ. ಯಾಕೆಂದು ಹೇಳಿ ಎಬ್ಬಿಸಿದರೆ ಎಲ್ಲರೂ ಒಳಗೆ ನುಗ್ಗುತ್ತಾರೆ. ಕಾವಲುಗಾರ ಹೊರಗೆ ಹೋಗಿ, ಬೆಂಚಿಗೆ ಹೊಸ ಬಣ್ಣ ಬಳಿದಿದೆ, ಪಂಚೆಗೆ ಅಂಟುತ್ತದೆಯೇನೋ ನೋಡಿಕೊಳ್ಳಿ ಎಂದ. ಅತಿಥಿಗಳು ತಟ್ಟನೆ ಎದ್ದು ಒಬ್ಬರ ಹಿಂಭಾಗ ಒಬ್ಬರು ನೋಡತೊಡಗಿದರು.

ಅಷ್ಟು ಹೊತ್ತೂ ವರ್ತಕ ಅಲ್ಲಾಡದೆ ನಿಂತಿದ್ದ. ತಾಯಿಗೆ ಈಗ ಯಂತ್ರ ಚೆನ್ನಾಗಿ ಕಾಣುತ್ತಿತ್ತು.

"ದೊಡ್ಡದನ್ನು ಎತ್ತರದಲ್ಲಿ ಇಡಬೇಕು ಅಂದೆಯಂತಲ್ಲ, ಮಗಾ. ನೀನು ತಲೆಯ ಮೇಲೆ ಹೊರುತ್ತೀ ಅಂತ ಯಾರೂ ಹೇಳಲಿಲ್ಲ," ಎಂದಳು.

"ಅವ್ವ, ನಗಿಸಬೇಡ. ನಾನು ನಕ್ಕರೆ ಇದು ಬೀಳುತ್ತದೆ," ಎಂದ ವರ್ತಕ.

ಆ ಮಾತಿಗೆ ಹಿಂದೆ ಜೋತುಬಿದ್ದ ಭಾವನಿಗೆ ನಗು ಬಂತು. ಅವನು ನಕ್ಕದ್ದಕ್ಕೆ ರ‍್ಯಾಕು ಅಲ್ಲಾಡಿತು. ರ‍್ಯಾಕು ಅಲ್ಲಾಡಿದ್ದಕ್ಕೆ ಎಲ್ಲರೂ ಉಸಿರು ಹಿಡಿದರು. ಮುದುಕಿ ಶಿವ ಶಿವ ಎನ್ನುತ್ತ ಕುರ್ಚಿಯಿಂದ ಎದ್ದು ಬಂದು, ಸೆರಗಿನಿಂದ ಮಗನ ಹಣೆಯ ಬೆವರು ಒರೆಸಿ, ಯಾರು ಹೇಳಿದರೂ ಹಿಂದಕ್ಕೆ ಹೋಗದೆ ಅಲ್ಲೇ ನಿಂತಳು.

ಬೆಂಚು ಬಂತು. ಮೈದುನ ಹತ್ತಿ ಎರಡೂ ಕೈ ಚಾಚಿ ಚಿಲಕಗಳನ್ನು ಒತ್ತಿದ. ಕಾವಲುಗಾರ ನೂಕಿದ. ಯಂತ್ರ ಒಳಗೆ ಹೋಯಿತು. ರ‍್ಯಾಕು ನೆಟ್ಟಗೆ ನಿಂತಿತು.

ವರ್ತಕ ಕೈ ಇಳಿಸಿ ನೆಲದ ಮೇಲೆ ಕುಸಿದು ಕುಳಿತ. ಕುಳಿತವನ ಕಣ್ಣಿಗೆ ನೇರವಾಗಿ ಬಿದ್ದದ್ದು ಕೆಳಗಿನ ಖಾನೆ. ಅಲ್ಲಿ ಹಗುರ ಪೆಟ್ಟಿಗೆಗಳಿದ್ದವು. ಒಂದನ್ನು ಬೆರಳಿನಿಂದ ನೂಕಿದ. ಅದು ಸರಿಯಿತು. ಇನ್ನೊಂದನ್ನು ನೂಕಿದ. ಅದೂ ಸರಿಯಿತು. ಕೆಳಗಿನ ಜಾಗ ಸಣ್ಣವರದು ಎಂದುಕೊಂಡಿದ್ದೆ, ಪಾಪ, ಇವಕ್ಕೆ ಇಲ್ಲಿ ಕೂರುವ ಶಕ್ತಿಯೇ ಇಲ್ಲವಲ್ಲ ಎಂದ. ಆಮೇಲೆ ಭಾವನ ಕಡೆ ತಿರುಗಿ, ನಿನ್ನ ಡ್ರಿಲ್ಲು ತೆಗೆದುಕೊಂಡು ಬಾ, ನೆಲಕ್ಕೆ ಎಲ್ಲಿ ಬೇಕೋ ಅಲ್ಲಿ ತೂತು ಹಾಕು ಎಂದ. ಭಾವ, ನಿನ್ನೆ ನಾನು ಗಟ್ಟಿಯಾಗಿ ಹೇಳಬೇಕಾಗಿತ್ತು ಯಜಮಾನರೇ ಎಂದು ತಲೆ ಕೆರೆದುಕೊಂಡ. ಇವತ್ತು ಕೆಲಸ ಮುಗಿದ ಮೇಲೆ ಊಟ ಎಂದು ವರ್ತಕ ನಕ್ಕ.

ಮುಹೂರ್ತ ಮೀರುತ್ತಿದೆ ಎಂದು ಹೊರಗಿನಿಂದ ಯಾರೋ ಕೂಗಿದರು. ನನ್ನ ಮಗ ಯಂತ್ರದ ಅಡಿ ಸಿಕ್ಕಿಯೂ ಉಳಿದನಲ್ಲ, ಅದಕ್ಕಿಂತ ಒಳ್ಳೆಯ ಗಳಿಗೆ ಯಾವುದು ಎಂದು ಮುದುಕಿ ಒಳಗಿನಿಂದಲೇ ಹೇಳಿಕಳುಹಿಸಿದಳು. ಕಾದಿದ್ದ ರೋಗಿಗಳಿಗೆ ಮಜ್ಜಿಗೆ ಕೊಡಿಸಿದಳು.

ಪಾದಗಳು ನೆಲ ಕಚ್ಚಿದವು. ಸರ್ವರ್ ಕೆಳಗಿನ ಖಾನೆಗೆ ಬಂತು. ಹಗುರ ಪೆಟ್ಟಿಗೆಗಳು ಮೇಲಕ್ಕೆ ಹೋದವು. ದೀಪಗಳು ಹತ್ತಿಕೊಂಡವು. ವರ್ತಕ ನೆಲದ ಮೇಲೆ ಕುಳಿತು ಯಂತ್ರಕ್ಕೆ ಕುಂಕುಮವಿಟ್ಟ. ತಾಯಿಗೆ ಕುರ್ಚಿಯಿಂದಲೇ ಎಲ್ಲ ಕಂಡಿತು. ನೋಡಲು ಬಂದ ದೊಡ್ಡ ದೊಡ್ಡ ಮನುಷ್ಯರೆಲ್ಲ ಮಂಡಿಯೂರಿ ಬಗ್ಗಿ ನೋಡಿದರು. ಹಾಗೆ ಕೂರಬೇಕಲ್ಲ ಎಂದು, ಯಾರೂ ಹೇಳದೆಯೇ, ಚಪ್ಪಲಿಗಳನ್ನು ಹೊರಗೇ ಬಿಟ್ಟುಬಂದರು. ಗುಡಿಸುವವಳು ಕೂಡ ಆ ಜಾಗಕ್ಕೆ ಬಂದಾಗ ಪೊರಕೆ ಪಕ್ಕಕ್ಕಿಟ್ಟು ಬಟ್ಟೆಯಿಂದ ಒರೆಸಿದಳು.

ಮೊದಲನೆಯ ಚೀಟಿ ತಾಯಿಯ ಹೆಸರಿನಲ್ಲಿ ಬಂತು. ವೈದ್ಯರು ಅವಳ ಎದೆ ಪರೀಕ್ಷೆ ಮಾಡಿ, ಎಷ್ಟು ಬೇಕಾದರೂ ನಗಬಹುದು ಎಂದರು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಕರಿಬಸಯ್ಯ ನಡುವೆ ನಕ್ಕಿದ್ದ. ನಗಬಾರದೆಂದು ಬಿಗಿಯಾಗಿ ಕುಳಿತಿದ್ದರೂ ಮುದುಕಿಯ ಮಾತು ಬಂದಾಗ ತಡೆಯಲಾಗಿರಲಿಲ್ಲ. ಈಗ ಮುಖ ಸರಿಮಾಡಿಕೊಂಡ.

"ತಿಳಿಯಿತು, ಬುದ್ಧಿ. ಕೆಳಗಿದ್ದರೆ ಎಲ್ಲರೂ ಬಗ್ಗಿ ನೋಡುತ್ತಾರೆ. ಕೆಳಗಿನ ಜಾಗಕ್ಕೇ ಹೆಚ್ಚು ಮರ್ಯಾದೆ," ಎಂದ.

"ಉಗ್ರಾಣಕ್ಕೆ ಬಂದು ನಿನ್ನನ್ನು ಯಾರು ಬಗ್ಗಿ ನೋಡುತ್ತಾರೆ? ಅಡುಗೆಯವನು ಬಿಟ್ಟರೆ ಇಲಿ," ಎಂದರು ಗುರುಗಳು.

ಅಷ್ಟರಲ್ಲಿ ಭಕ್ತರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ಮುರುಗೇಂದ್ರ ಬಂದು ಗುರುಗಳ ಮಗ್ಗುಲಲ್ಲಿ ಕುಳಿತು, ಓದಬೇಕಾದ ಹಾಳೆ ಸಿಕ್ಕದೆ ಪುಟ ಮಗುಚುತ್ತಿದ್ದ. ಅಡುಗೆಯವನು ಮತ್ತೆ ಬಾಗಿಲಿಗೆ ಬಂದು ನಿಂತ. ಈ ಸಲ ಅವನು ಕೆಮ್ಮಲಿಲ್ಲ. ಎಸರು ಅರ್ಧ ಇಂಗಿತು, ಇಷ್ಟು ಜನಕ್ಕೆ ಏನು ಬಡಿಸಲಿ ಎಂದ.

ಬೀಗದ ಕೈ ನೆಲದ ಮೇಲೆ ಇದ್ದಲ್ಲೇ ಇತ್ತು. ಕರಿಬಸಯ್ಯ ಅದನ್ನು ನೋಡಿದ.

"ಹಾಗಾದರೆ ನನ್ನನ್ನು ಕೆಳಗಿಳಿಸಿದ್ದು ಯಾಕೆ, ಬುದ್ಧಿ?" ಎಂದು ಮೆಲ್ಲಗೆ ಕೇಳಿದ.

ಗುರುಗಳು ಎರಡೂ ಕೈಗಳಿಂದ ಪೀಠದ ಅಂಚನ್ನು ಹಿಡಿದುಕೊಂಡರು, ಅಲ್ಲಾಡುವ ಮಣೆಯ ಮೇಲೆ ಕುಳಿತವರು ಹಿಡಿದುಕೊಳ್ಳುವ ಹಾಗೆ.

"ನೋಡು ಕರಿಬಸಯ್ಯ, ಮೇಲೆ ನಾನು ಕುಳಿತಾಗಿದೆ, ಕೆಳಗೆ ಈಗ ಯಾರೂ ಇಲ್ಲ."

ಕರಿಬಸಯ್ಯ ಬೀಗದ ಕೈ ಎತ್ತಿಕೊಂಡು ಉಗ್ರಾಣದ ಮೆಟ್ಟಿಲಿಳಿದ.